ಅಮಲ್ ಕಾರ್ಬ್ಯುರೇಟರ್

ಅಮಲ್ ಕಾರ್ಬ್ಯುರೇಟರ್ ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಾದ ಸಾಧನ. ಗಾಳಿ ಮತ್ತು ಪೆಟ್ರೋಲನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ ಎಂಜಿನ್ನಿಗೆ ಒದಗಿಸುವುದು ಇದರ ಕಾರ್ಯ. ಟ್ರಯಂಫ್, ಬಿಎಸ್‌ಎ, ನಾರ್ಟನ್, ರಾಯಲ್ ಎನ್‌ಫೀಲ್ಡ್ ಮುಂತಾದ ವಾಹನಗಳಿಗೆ ಇದನ್ನು ಅಳವಡಿಸಲಾಗುತ್ತಿತ್ತು.

ಇತಿಹಾಸ

1927ರಲ್ಲಿ ಅಮ್ಯಾಕ್, ಬ್ರೌನ್ ಅಂಡ್ ಬಾರ್ಲೋ ಮತ್ತು ಬಿಂಕ್ಸ್ ಸಂಸ್ಥೆಗಳು ವಿಲೀನಗೊಂಡು ಬರ್ಮಿಂಗ್‌ಹ್ಯಾಮ್‌ನಲ್ಲಿ ಅಮಲ್ ಸಂಸ್ಥೆ ರೂಪುಗೊಂಡಿತು. 1950ರ ದಶಕದ 'ಮೋನೊಬ್ಲಾಕ್' ಮತ್ತು 1967ರ 'ಕಾನ್ಸೆಂಟ್ರಿಕ್' ಇದರ ಪ್ರಸಿದ್ಧ ಮಾದರಿಗಳು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾದ ಬಳಿಕ ಬುಲೆಟ್ ಭಾರತದಲ್ಲಿಯೇ ತಯಾರಾಗತೊಡಗಿತು. ಮುಂದೆ ಅದರಲ್ಲಿ ಮಿಕ್‌ಕಾರ್ಬ್ ಕಾರ್ಬ್ಯುರೇಟರ್ ಬಳಕೆಗೆ ಬಂದಿತು. 2020ರಲ್ಲಿ ಬಿಎಸ್6 ನಿಯಮ ಜಾರಿಯಾದಾಗ ಇಂಧನ ಇಂಜೆಕ್ಷನ್ ವ್ಯವಸ್ಥೆ ಕಾರ್ಬ್ಯುರೇಟರಿನ ಸ್ಥಾನವನ್ನು ಆಕ್ರಮಿಸಿತು.

ಇಂಧನದ ಹರಿವು

ಟ್ಯಾಂಕಿನಿಂದ ಪೆಟ್ರೋಲ್ ಗುರುತ್ವಬಲದಿಂದಲೇ ಇಳಿದು ಫ್ಲೋಟ್ ಕೋಣೆಯನ್ನು ಸೇರುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡರೆ ಅಥವಾ ನಲ್ಲಿಯ ಜಾಲರಿಯಲ್ಲಿ ಕಸ ತುಂಬಿದರೆ ಹರಿವು ಕುಂಠಿತವಾಗುತ್ತದೆ. ಥ್ರಾಟಲ್ ಎಂಟನೇ ಒಂದು ಭಾಗದವರೆಗೆ ತೆರೆದಾಗ ಪೈಲಟ್ ಜೆಟ್, ಕಾಲು ಭಾಗದವರೆಗೆ ಥ್ರಾಟಲ್ ಸ್ಲೈಡಿನ ಕಡಿತ, ಮುಕ್ಕಾಲರವರೆಗೆ ಸೂಜಿ ಮತ್ತು ಸೂಜಿ ಜೆಟ್, ಅನಂತರ ಮುಖ್ಯ ಜೆಟ್ ಮಿಶ್ರಣವನ್ನು ಪ್ರಧಾನವಾಗಿ ನಿಯಂತ್ರಿಸುತ್ತವೆ. ಅಮಲ್ ಮುಖ್ಯ ಜೆಟ್ಟಿನ ಮೇಲಿನ ಸಂಖ್ಯೆ ಹರಿವಿನ ಅಳತೆ: 200 ಎಂದಿದ್ದರೆ, ನಿಗದಿತ ಪರೀಕ್ಷಾ ಸ್ಥಿತಿಯಲ್ಲಿ ನಿಮಿಷಕ್ಕೆ 200 ಘನ ಸೆಂಟಿಮೀಟರ್ ಇಂಧನ ಹರಿಯುತ್ತದೆ.

ಬೆಂಗಳೂರಿನ ಎತ್ತರದ ಪರಿಣಾಮ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 9ರಷ್ಟು ಕಡಿಮೆ. ಆದುದರಿಂದ ಸಮುದ್ರಮಟ್ಟಕ್ಕೆ ಹೊಂದಿಸಿದ ಜೆಟ್ ಇಲ್ಲಿ ಶೇ. 4ರಿಂದ 5ರಷ್ಟು ಗಾಢ ಮಿಶ್ರಣವನ್ನು ಕೊಡುತ್ತದೆ. ಮೆಕ್ಯಾನಿಕ್‌ಗಳು ಇದನ್ನೇ 'ರಿಚ್' ಎನ್ನುವರು. ರಾಜಾಜಿನಗರದಲ್ಲಿಯೋ ವಿಜಯನಗರದಲ್ಲಿಯೋ ಸಣ್ಣ ಜೆಟ್ ಹಾಕಿಸಿಕೊಂಡ ವಾಹನವು ಕೆಂಗೇರಿ ದಾಟಿ, ಘಟ್ಟ ಇಳಿದು ಮಂಗಳೂರನ್ನು ತಲುಪಿದಾಗ ಅದರ ಮಿಶ್ರಣ ಮತ್ತೆ ತೆಳುವಾಗುತ್ತದೆ.

ಎಥನಾಲ್ ಮಿಶ್ರಿತ ಪೆಟ್ರೋಲ್

ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಲೋಕಾರ್ಪಣೆ ಮಾಡಲಾಯಿತು. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ಣವಾಗಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಇ20ಗೆ ಸುಮಾರು 13.5 ಭಾಗ ಸಾಕು. ಅಂದರೆ ಅದೇ ಜೆಟ್ಟಿನಲ್ಲಿ ಮಿಶ್ರಣ ಸುಮಾರು ಶೇ. 8ರಷ್ಟು ತೆಳುವಾಗುತ್ತದೆ. ನಗರದ ಎತ್ತರವು ಈ ಕೊರತೆಯ ಅರ್ಧದಷ್ಟನ್ನು ಮಾತ್ರ ಸರಿದೂಗಿಸುತ್ತದೆ. ಎತ್ತರಕ್ಕೆಂದು ಈ ಹಿಂದೆಯೇ ಜೆಟ್ ಕಿರಿದುಗೊಳಿಸಿದ ವಾಹನಗಳಿಗೆ ಆ ನೆರವೂ ಇಲ್ಲ. ತೆಳು ಮಿಶ್ರಣದಲ್ಲಿ ದೀರ್ಘಕಾಲ ಓಡಿದ ಎಂಜಿನ್ ಅತಿಯಾಗಿ ಕಾಯುತ್ತದೆ. ಪಿಸ್ಟನ್ ಹಿಡಿದುಕೊಳ್ಳುವ ಅಪಾಯವೂ ಉಂಟು. ಇದಲ್ಲದೆ ಎಥನಾಲ್ ತೇವವನ್ನು ಹೀರಿಕೊಳ್ಳುವುದರಿಂದ ಸತು ಮಿಶ್ರಲೋಹದ ಕವಚ ಸವೆಯಬಹುದು, ಹಳೆಯ ರಬ್ಬರ್ ಭಾಗಗಳು ಉಬ್ಬಬಹುದು. ವಾಹನವನ್ನು ಬಹುದಿನ ನಿಲ್ಲಿಸುವುದಿದ್ದರೆ ಫ್ಲೋಟ್ ಕೋಣೆಯನ್ನು ಬರಿದುಮಾಡುವುದು ಒಳಿತು.

ಪರೀಕ್ಷೆ

ಥ್ರಾಟಲ್ ಪೂರ್ಣ ತೆರೆದು ಓಡಿಸಿ, ಒಮ್ಮೆಲೇ ಎಂಜಿನ್ ನಿಲ್ಲಿಸಿ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡುವುದು ಮುಖ್ಯ ಜೆಟ್ಟನ್ನು ಪರೀಕ್ಷಿಸುವ ರೂಢಿಯ ವಿಧಾನ. ಕಂದು ಬಣ್ಣ ಸರಿಯಾದ ಮಿಶ್ರಣವನ್ನೂ, ಕಪ್ಪು ಮಸಿ ಗಾಢತೆಯನ್ನೂ, ಬಿಳುಪು ತೆಳುತನವನ್ನೂ ಸೂಚಿಸುತ್ತದೆ. ಜೆಟ್ಟನ್ನು ಒಂದು ಬಾರಿಗೆ ಒಂದೇ ಅಳತೆಯಷ್ಟು ಬದಲಿಸಿ ಮತ್ತೆ ಪರೀಕ್ಷಿಸಬೇಕು.