ಗಿಟಾರಿನ ಒಡಲ ವೈರು: ಆಯ್ಕೆಯ ಬಗ್ಗೆ ಒಂದು ಟಿಪ್ಪಣಿ

1954ರಲ್ಲಿ ಮಾರುಕಟ್ಟೆಗೆ ಬಂದ ಫೆಂಡರ್ ಸ್ಟ್ರಾಟೋಕ್ಯಾಸ್ಟರ್‌ನ ಪಿಕ್‌ಗಾರ್ಡ್ ಬಿಚ್ಚಿದರೆ ಒಳಗೆ ಕಾಣುವುದು ಮೇಣ ಸವರಿದ ಹತ್ತಿಬಟ್ಟೆಯ ಹೊದಿಕೆಯ ವೈರು. ಅದೇ ಬಗೆಯ ವೈರನ್ನು ಇಂದು 'ವಿಂಟೇಜ್' ಎಂಬ ಹೆಸರಿಟ್ಟು ಪ್ಲಾಸ್ಟಿಕ್ ಹೊದಿಕೆಯದಕ್ಕಿಂತ ಹೆಚ್ಚಿನ ಬೆಲೆಗೆ ಮಾರುತ್ತಾರೆ. ಹಳೆಯ ಗಿಟಾರಿನ ನಾದ ಬೇಕೆಂದರೆ ಹಳೆಯ ಬಗೆಯ ವೈರೇ ಬೇಕು ಎಂಬ ಮಾತೂ ಜೊತೆಗೆ ಬರುತ್ತದೆ. ಈ ಮಾತು ಲೆಕ್ಕದಲ್ಲಿ ಎಷ್ಟು ನಿಲ್ಲುತ್ತದೆ ಎಂಬುದು ಇಲ್ಲಿನ ಪ್ರಶ್ನೆ. (ಟಿಪ್ಪಣಿಯುದ್ದಕ್ಕೂ ನುಡಿಸುವುದನ್ನು ತಂತಿ ಎಂದೂ ಒಳಗಿನದನ್ನು ವೈರು ಎಂದೂ ಕರೆದಿದ್ದೇನೆ.)

ಮೊದಲಿಗೆ ಬಟ್ಟೆಯ ಮೂಲ. ಲಿಯೋ ಫೆಂಡರ್ ಗಿಟಾರ್ ತಯಾರಿಕೆಗೆ ಇಳಿಯುವ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಅಂಗಡಿ ತೆರೆದಿದ್ದರು. ಆ ಕಾಲದ ರೇಡಿಯೋ, ಆಂಪ್ಲಿಫೈಯರ್‌ಗಳ ಒಳಗೆ ಬಟ್ಟೆಹೊದಿಕೆಯ ವೈರು ತೀರ ಸಾಮಾನ್ಯ. ಆದ್ದರಿಂದ ಅದು ಕಿವಿಯಿಂದ ಪರೀಕ್ಷಿಸಿ ಆರಿಸಿದ್ದಲ್ಲ, ಕಸುಬಿನ ರೂಢಿಯಿಂದ ಬಂದದ್ದು ಎಂದೇ ನನ್ನ ಊಹೆ. 1960ರ ದಶಕದ ಕೊನೆಯ ಹೊತ್ತಿಗೆ ಫೆಂಡರ್ ಗಿಟಾರುಗಳಲ್ಲಿಯೂ ಪ್ಲಾಸ್ಟಿಕ್ ಹೊದಿಕೆಯ ವೈರು ಸೇರಿಕೊಂಡಿತು.

ಇನ್ನು ಲೆಕ್ಕ. ಸ್ಟ್ರಾಟ್ ಬಗೆಯ ಪಿಕಪ್ಪಿನ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗದ) ರೋಧ ಸುಮಾರು 6,000 ಓಮ್. ಅದರ ಸುರುಳಿಗೆ ಬಳಸುವುದು ಅಮೆರಿಕನ್ ಗೇಜ್ 42ರ ಎನಾಮೆಲ್ ವೈರು, ದಪ್ಪ 0.063 ಮಿ.ಮೀ., ಮೀಟರಿಗೆ ಹೆಚ್ಚೂಕಡಿಮೆ 5.4 ಓಮ್. ಭಾಗಿಸಿ ನೋಡಿದರೆ ಒಂದೇ ಪಿಕಪ್ಪಿನೊಳಗೆ ಒಂದು ಕಿಲೋಮೀಟರಿಗೂ ಮೀರಿದ ತಾಮ್ರ ಸುತ್ತಿಕೊಂಡಿದೆ. ಅಲ್ಲಿಂದ ಸ್ವಿಚ್, ಪಾಟ್ (ಸದ್ದು, ನಾದ ಹೊಂದಿಸುವ ತಿರುಗುಗುಂಡಿ), ಜ್ಯಾಕ್‌ಗಳನ್ನು ಜೋಡಿಸುವ ವೈರು ಸಾಮಾನ್ಯವಾಗಿ ಗೇಜ್ 22ರದು, ಮೀಟರಿಗೆ 0.053 ಓಮ್. ನಾವು ಬದಲಿಸಲು ಹೊರಟಿರುವುದು ಇಂಥದರ ಅರ್ಧ ಮೀಟರನ್ನು.

ಇದಕ್ಕಿಂತ ಮನದಟ್ಟಾಗುವ ಲೆಕ್ಕ ಇನ್ನೊಂದಿದೆ. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ತಾಮ್ರದ ರೋಧ ಶೇ. 0.39ರಷ್ಟು ಹೆಚ್ಚುತ್ತದೆ. ಅಂದರೆ ವೇದಿಕೆಯ ದೀಪಗಳ ಕೆಳಗೆ ಪಿಕಪ್ ಒಂದೇ ಒಂದು ಡಿಗ್ರಿ ಬಿಸಿಯಾದರೂ 23 ಓಮ್ ಕೂಡಿಕೊಳ್ಳುತ್ತದೆ. ಅಷ್ಟು ರೋಧ ಬರಬೇಕಾದರೆ ಗೇಜ್ 22ರ ವೈರು 400 ಮೀಟರಿಗಿಂತ ಹೆಚ್ಚು ಬೇಕು. ಆ ಒಂದು ಡಿಗ್ರಿಯ ವ್ಯತ್ಯಾಸವನ್ನು ಕೇಳಿ ಗುರುತಿಸಿದವರನ್ನು ನಾನಂತೂ ಕಂಡಿಲ್ಲ. ಬೆಳ್ಳಿ ಲೇಪಿಸಿದ ವೈರು ನಾದಕ್ಕೆ ಒಳ್ಳೆಯದೆಂಬ ವಾದವೂ ಇಲ್ಲಿಗೇ ಮುಗಿಯುತ್ತದೆ: ಬೆಳ್ಳಿ ತಾಮ್ರಕ್ಕಿಂತ ಉತ್ತಮ ವಾಹಕವಾಗಿರುವುದು ಶೇ. 5-6ರಷ್ಟು ಮಾತ್ರ. ಹೆಚ್ಚಿನ ಆವೃತ್ತಿಯಲ್ಲಿ ವಿದ್ಯುತ್ತು ವೈರಿನ ಮೇಲ್ಮೈಯಲ್ಲಷ್ಟೇ ಹರಿಯುತ್ತದೆ ಎಂಬ ತತ್ತ್ವ ನಿಜ. ಆದರೆ 20,000 ಹರ್ಟ್ಸ್‌ನಲ್ಲೂ ಆ ಪದರದ ಆಳ 0.46 ಮಿ.ಮೀ., ವೈರಿನ ತ್ರಿಜ್ಯವೇ 0.32. ಇಡೀ ವೈರು ಆ ಪದರದೊಳಗೇ ಇದೆ.

ಹಾಗಾದರೆ ವೈರಿಗೂ ನಾದಕ್ಕೂ ಸಂಬಂಧವೇ ಇಲ್ಲವೆ? ಒಂದು ಕಡೆ ಇದೆ, ಅದು ಶೀಲ್ಡ್ ವೈರಿನಲ್ಲಿ. ಪಿಕಪ್ಪಿನ ಸುರುಳಿಯ ಪ್ರೇರಕತೆಯೂ ಅದಕ್ಕೆ ಸಮಾಂತರವಾಗಿ ಸೇರುವ ಧಾರಕತೆಯೂ ಕೂಡಿ ಒಂದು ಆವೃತ್ತಿಯಲ್ಲಿ ಅನುರಣಿಸುತ್ತವೆ. ಅದರಾಚೆಗಿನ ಸ್ವರಾಂಶಗಳು ಬೇಗ ಕುಗ್ಗುತ್ತವೆ. ಗಿಟಾರು ಚುರುಕಾಗಿ ಕೇಳುತ್ತದೋ ಮಂದವಾಗಿ ಕೇಳುತ್ತದೋ ಎಂಬುದು ಬಹುಮಟ್ಟಿಗೆ ಈ ಶಿಖರ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಬರಿಯ ವೈರು ಇದಕ್ಕೆ ಸೇರಿಸುವ ಧಾರಕತೆ ಅತ್ಯಲ್ಪ. ಶೀಲ್ಡ್ ವೈರಿನಲ್ಲಾದರೋ ನಡುವಿನ ವೈರಿಗೂ ಸುತ್ತಲಿನ ಲೋಹದ ಹೆಣಿಗೆಗೂ ತೆಳು ಹೊದಿಕೆಯಷ್ಟೇ ಅಂತರ. ಮೀಟರಿಗೆ 100 ಪಿಕೋಫ್ಯಾರಡ್ ಅಥವಾ ಅದಕ್ಕೂ ಹೆಚ್ಚು ಸೇರುತ್ತದೆ.

ಗಿಬ್ಸನ್ ಕಂಪನಿಯ ಲೆಸ್ ಪಾಲ್ (1952) ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಸ್ವಿಚ್ ಮೇಲ್ಭಾಗದಲ್ಲಿ, ಪಾಟ್‌ಗಳು ಕೆಳಭಾಗದಲ್ಲಿ. ಸಂಕೇತ ಇಡೀ ಒಡಲನ್ನು ದಾಟಿ ಹೋಗಿ ಮರಳಿ ಜ್ಯಾಕಿಗೆ ಬರಬೇಕು. ದಾರಿಯಲ್ಲಿ ಗುಂಯ್‌ಗುಡುವ ಸದ್ದು ಹತ್ತದಿರಲೆಂದು ಗಿಬ್ಸನ್ ಲೋಹದ ಹೆಣಿಗೆಯ ವೈರು ಬಳಸಿತು. ಎರಡು ಸುರುಳಿಯ ಹಂಬಕರ್ ಪಿಕಪ್ಪಿನ ಪ್ರೇರಕತೆ 4.5 ಹೆನ್ರಿ, ಹೊರಗಿನ ಕೇಬಲ್ಲೂ ಸೇರಿ ಧಾರಕತೆ 700 ಪಿಕೋಫ್ಯಾರಡ್ ಎಂದು ಹಿಡಿದರೆ ಶಿಖರ ಸುಮಾರು 2,840 ಹರ್ಟ್ಸ್. ಒಳಗಿನ ಶೀಲ್ಡ್ ವೈರು ಇನ್ನೊಂದು 100 ಸೇರಿಸಿದರೆ ಅದು 2,650ಕ್ಕೆ ಇಳಿಯುತ್ತದೆ. ಕಿವಿ ಚುರುಕಿದ್ದವರಿಗೆ ಇದು ಗೊತ್ತಾದೀತು. ಆದರೆ ಆಂಪ್ಲಿಫೈಯರಿಗೆ ಹೋಗುವ ಕೇಬಲ್ಲನ್ನು ಒಂದು ಮೀಟರ್ ಗಿಡ್ಡ ಮಾಡಿದರೆ ಇಳಿದದ್ದು ಹೆಚ್ಚುಕಡಿಮೆ ಪೂರ್ತಿ ಮರಳಿ ಬರುತ್ತದೆ ಎಂಬುದನ್ನು 'ವಿಂಟೇಜ್' ವೈರು ಮಾರುವವರು ಹೇಳುವುದಿಲ್ಲ. ಶೀಲ್ಡ್ ತಡೆಯುವುದು ವಿದ್ಯುತ್ ಕ್ಷೇತ್ರದ ಸದ್ದನ್ನಷ್ಟೇ ಎಂಬುದನ್ನೂ ಸೇರಿಸಬೇಕು. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ನೇರವಾಗಿ ಸುರುಳಿಯನ್ನೇ ಹಿಡಿಯುತ್ತದೆ. ಅದನ್ನು ತಗ್ಗಿಸಲು ಗಿಬ್ಸನ್‌ನ ಸೇತ್ ಲವರ್ ಎರಡು ಸುರುಳಿಯ ಪಿಕಪ್ಪನ್ನೇ ರೂಪಿಸಿ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಬೇಕಾಯಿತು. ಆದ್ದರಿಂದ ಶೀಲ್ಡ್ ವೈರು ದೂರದ ಓಟಕ್ಕೆ ಇರಲಿ. ಜ್ಯಾಕ್ ಹೊರತು ಉಳಿದೆಲ್ಲವೂ ಒಂದೇ ತಟ್ಟೆಯ ಮೇಲೆ ಕೂತಿರುವ ಸ್ಟ್ರಾಟ್‌ನಲ್ಲಿ ಅದರ ಅಗತ್ಯ ಕಡಿಮೆ.

ಉಳಿದದ್ದು ಬೆಸುಗೆಯ ಕೈಕೆಲಸ. ನನ್ನ ಮಟ್ಟಿಗೆ ವೈರಿನ ಆಯ್ಕೆ ನಿರ್ಧಾರವಾಗಬೇಕಾದದ್ದು ಇಲ್ಲಿ, ಮತ್ತು ಬಟ್ಟೆಯ ವೈರು ನಿಜವಾಗಿ ಗೆಲ್ಲುವುದೂ ಇಲ್ಲಿಯೇ. ಅದರ ಹೊದಿಕೆಯನ್ನು ಉಗುರಿನಿಂದ ಹಿಂದಕ್ಕೆ ತಳ್ಳಿ, ಬೆಸೆದು, ಮತ್ತೆ ಮುಂದಕ್ಕೆ ಎಳೆದರೆ ಮುಗಿಯಿತು. ಶಾಖಕ್ಕೆ ಅದು ಕರಗುವುದಿಲ್ಲ. ಪಾಟ್‌ನ ಲೋಹದ ಬೆನ್ನು ಶಾಖವನ್ನು ಹೀರಿಕೊಳ್ಳುವುದರಿಂದ ಅಲ್ಲಿ ಕಬ್ಬಿಣವನ್ನು ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕಾಗುತ್ತದೆ. ಅಷ್ಟರಲ್ಲಿ ಅಗ್ಗದ ಪಿವಿಸಿ ಹೊದಿಕೆ ಮೆತ್ತಗಾಗಿ ಹಿಂದೆ ಸರಿದು ತಾಮ್ರ ಬೆತ್ತಲಾಗಿರುತ್ತದೆ. ಟೆಫ್ಲಾನ್ ಹೊದಿಕೆ 327 ಡಿಗ್ರಿಯವರೆಗೂ ಕರಗದು, ಆದರೆ ಬಿರುಸು. ಸುಲಿಯಲು ಹರಿತವಾದ ಸಾಧನ ಬೇಕು. ಎಳೆಗಳಿರುವ ವೈರು ಬೇಕೋ ಒಂದೇ ಸರಳಿನದೋ? ಪಾಟ್‌ಗಳ ಬೆನ್ನುಗಳನ್ನು ಕೂಡಿಸುವ, ಅಲುಗದ ಗ್ರೌಂಡಿಗೆ ಸರಳಿನದೇ ಸಾಕು. ಜ್ಯಾಕಿಗೆ ಮಾತ್ರ ಬೇಡ: ನಟ್ಟು ಸಡಿಲವಾದಾಗಲೆಲ್ಲ ಜ್ಯಾಕ್ ತಿರುಗಿ, ಬಾಗಿ ಬಾಗಿ ಸರಳು ಮುರಿಯುತ್ತದೆ. ಎಲ್ಲೆಡೆಯೂ ತವರದ ಕಲಾಯಿ ಇರುವುದೇ ಲೇಸು. ಬರಿಯ ತಾಮ್ರ ಕಪ್ಪಿಟ್ಟರೆ, ಮಂಗಳೂರಿನಂಥ ಕಡಲ ಊರುಗಳಲ್ಲಿ ಅದು ಬೇಗನೆ ಆಗುತ್ತದೆ, ಬೆಸುಗೆ ಹತ್ತುವುದಿಲ್ಲ.

ಕೊಳ್ಳುವಾಗ ಒಂದು ಎಚ್ಚರ. ಗಿಟಾರಿನ ಪುಸ್ತಕಗಳ '22 ಗೇಜ್' ಅಮೆರಿಕದ್ದು, 0.64 ಮಿ.ಮೀ. ನಮ್ಮಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಗೇಜಿನ 22 ಎಂದರೆ 0.71. ಒಳಗಿನ ವೈರಿಗೆ ಈ ಅಂತರ ಲೆಕ್ಕಕ್ಕಿಲ್ಲ. ಸುರುಳಿ ಸುತ್ತುವವರಿಗೆ ಮಾತ್ರ ಮುಳುವು, ಏಕೆಂದರೆ ಬ್ರಿಟಿಷ್ 42 ಎಂದರೆ 0.10 ಮಿ.ಮೀ., ಬೇಕಾದದ್ದು 0.063. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ 7/36 ಎಂದು ಕೇಳಿದರೆ ಬ್ರಿಟಿಷ್ ಗೇಜ್ 36ರ ಏಳು ಎಳೆಗಳ ಹುಕ್‌ಅಪ್ ವೈರು ಕೊಡುತ್ತಾರೆ. ಅದರ ಅಡ್ಡಕೊಯ್ತ 0.2 ಚದರ ಮಿ.ಮೀ., ಅಂದರೆ ಅಮೆರಿಕನ್ 24ಕ್ಕೆ ಸಮ. ಗಿಟಾರಿಗೆ ಅದು ಧಾರಾಳವಾಗಿ ಸಾಕು.