ಸ್ಪ್ರಿಂಗೊಂದರ ಚರಿತ್ರೆ

ತಂತ್ರಜ್ಞಾನದ ಚರಿತ್ರೆಯ ಕುರಿತು ಸಂಶೋಧನೆ ಮಾಡುತ್ತಿರುವ ನಾನು ಪ್ರಬಂಧದ ಅಧ್ಯಾಯವೊಂದರಲ್ಲಿ ಹೀಗೆ ಬರೆದಿದ್ದೆ: '1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಪೆಟ್ರೋಲನ್ನು ಅಳೆದುಕೊಡುವ ಕೆಲಸವನ್ನು ಎಲೆಕ್ಟ್ರಾನಿಕ್ಸ್ ವಹಿಸಿಕೊಂಡಿತು.' ಮಾರ್ಗದರ್ಶಕರು ಅಂಚಿನಲ್ಲಿ 'ಹೇಗೆ ಅಳೆಯಿತು?' ಎಂದಷ್ಟೇ ಗೀಚಿದ್ದರು. ನನ್ನ ಬಳಿ ಉತ್ತರವಿರಲಿಲ್ಲ.

ಆ ಕಾರಿನಲ್ಲಿದ್ದದ್ದು ಜರ್ಮನಿಯ ಬಾಷ್ ಕಂಪನಿಯ 'ಡಿ-ಜೆಟ್ರಾನಿಕ್'. ಅಮೆರಿಕದಲ್ಲಿ 1968ರ ಮಾದರಿಯ ಕಾರುಗಳಿಂದ ಹೊಗೆಯ ಮೇಲೆ ನಿರ್ಬಂಧ ಬಂದಿತ್ತು. ಅಲ್ಲಿ ಕಾರು ಮಾರಬೇಕಾದರೆ ಪೆಟ್ರೋಲಿನ ಅಳತೆ ಬಿಗಿಯಾಗಬೇಕಿತ್ತು.

ಆದರೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಪೆಟ್ರೋಲನ್ನು ಅಳೆಯುವುದೇ ಇಲ್ಲ. ಇಂಜೆಕ್ಟರಿನ ಬಾಯಿ ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂದು ಮಾತ್ರ ಅದು ನಿರ್ಧರಿಸುತ್ತದೆ. ಬೀದಿ ನಲ್ಲಿಯನ್ನು ನೆನೆಸಿಕೊಳ್ಳಿ. ನೀರಿನ ಒತ್ತಡ ದಿನಕ್ಕೊಂದು ಬಗೆಯಾದರೆ, ಎರಡು ನಿಮಿಷದಲ್ಲಿ ಕೊಡ ತುಂಬೀತೇ ಎಂದು ಹೇಳಲಾಗದು. ಇಂಜೆಕ್ಟರಿನಲ್ಲೂ ಒತ್ತಡ ನಾಲ್ಕು ಪಟ್ಟಾದರೆ ಹರಿವು ಎರಡು ಪಟ್ಟಾಗುತ್ತದೆ. ಸಮಯವನ್ನೇ ಅಳತೆಗೋಲಾಗಿ ನಂಬಬೇಕಾದರೆ ಒತ್ತಡ ಕದಲಬಾರದು.

ಆ ಹೊಣೆ ಹೊತ್ತಿದ್ದು ಅಂಗೈಯಲ್ಲಿ ಹಿಡಿಸುವ ಲೋಹದ ಡಬ್ಬಿ, ಪ್ರೆಶರ್ ರೆಗ್ಯುಲೇಟರ್. ಒಳಗೊಂದು ಪೊರೆ, ಅದರ ಬೆನ್ನಿಗೊಂದು ಸ್ಪ್ರಿಂಗ್. ಪಂಪು ಇಂಜಿನ್ನಿಗೆ ಬೇಕಾದುದಕ್ಕಿಂತ ಹೆಚ್ಚೇ ಪೆಟ್ರೋಲ್ ತಳ್ಳುತ್ತದೆ. ಒತ್ತಡ ಸುಮಾರು 2 ಬಾರ್ ಮೀರಿದೊಡನೆ ಪೊರೆ ಹಿಂದೆ ಸರಿದು ದಾರಿ ಬಿಡುತ್ತದೆ. ಹೆಚ್ಚಾದದ್ದು ಟ್ಯಾಂಕಿಗೆ ಮರಳುತ್ತದೆ. ಒತ್ತಡ ಇಳಿದರೆ ಸ್ಪ್ರಿಂಗ್ ದಾರಿ ಮುಚ್ಚುತ್ತದೆ.

ಇನ್ನೊಂದು ತೊಡಕಿತ್ತು. ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವುದು ಗಾಳಿ ಒಳಬರುವ ಕೊಳವೆಗೆ. ಆಕ್ಸಿಲರೇಟರ್ ಒತ್ತಿದಂತೆ, ಬಿಟ್ಟಂತೆ ಅಲ್ಲಿನ ಒತ್ತಡವೂ ಬದಲಾಗುತ್ತದೆ. ಡಿ-ಜೆಟ್ರಾನಿಕ್‌ನಲ್ಲಿ ಇದನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ಸರಿದೂಗಿಸಬೇಕಿತ್ತು. 1970ರ ದಶಕದಲ್ಲಿ ಬಂದ 'ಎಲ್-ಜೆಟ್ರಾನಿಕ್'ನಲ್ಲಿ ರೆಗ್ಯುಲೇಟರಿನ ಸ್ಪ್ರಿಂಗ್ ಇರುವ ಭಾಗದಿಂದ ಆ ಕೊಳವೆಗೆ ಸಣ್ಣದೊಂದು ಪೈಪು ಜೋಡಿಸಿದರು. ಕೊಳವೆಯಲ್ಲಿ ಒತ್ತಡ ತಗ್ಗಿದರೆ ಪೆಟ್ರೋಲಿನದೂ ಅಷ್ಟೇ ತಗ್ಗುತ್ತದೆ, ಎರಡರ ನಡುವಿನ ಅಂತರ ಮಾತ್ರ ಹಾಗೇ ಉಳಿಯುತ್ತದೆ.

ನಾನು ಓದಿಕೊಂಡಿದ್ದ ಚರಿತ್ರೆಗಳೆಲ್ಲ ಎಲೆಕ್ಟ್ರಾನಿಕ್ಸ್‌ನ ಕತೆ ಹೇಳುತ್ತಿದ್ದವು. ಈ ಡಬ್ಬಿ ನನಗೆ ಸಿಕ್ಕಿದ್ದು ರಿಪೇರಿ ಕೈಪಿಡಿಗಳಲ್ಲಿ. ಪೊರೆ ಹರಿದರೆ ಪೆಟ್ರೋಲ್ ಆ ಸಣ್ಣ ಪೈಪಿನಲ್ಲೇ ನುಸುಳಿ ಇಂಜಿನ್ ಸೇರುತ್ತದೆ, ಕಪ್ಪು ಹೊಗೆ ಏಳುತ್ತದೆ. ಪೆಟ್ಟಿಗೆಯ ಲೆಕ್ಕವೇನೋ ಸರಿಯೇ. ಅದಕ್ಕೇ ಮೆಕ್ಯಾನಿಕ್ ಮೊದಲು ಪೈಪು ಕಿತ್ತು, ಒಳಗೆ ಪೆಟ್ರೋಲಿನ ಪಸೆ ಇದೆಯೇ ಎಂದು ನೋಡುತ್ತಾನೆ.

ಹೊಸದು ಬಂದಾಗ ಹಳೆಯದು ತೆರವಾಯಿತೆಂದು ಬರೆಯುವುದು ನಮ್ಮ ಅಭ್ಯಾಸ. ಇಲ್ಲಿ ಹೊಸದು ಹಳೆಯ ಸ್ಪ್ರಿಂಗಿನ ಮೇಲೆ ಭಾರ ಹಾಕಿಯೇ ನಿಂತಿತ್ತು. ಆ ವಾಕ್ಯವನ್ನು ಹೊಡೆದುಹಾಕಿ ಹೀಗೆ ಬರೆದೆ: 'ಸ್ಪ್ರಿಂಗ್ ಒತ್ತಡವನ್ನು ಹಿಡಿದಿಟ್ಟಿತು, ಅದರಿಂದಾಗಿ ಎಲೆಕ್ಟ್ರಾನಿಕ್ಸ್ ಸಮಯವನ್ನು ಎಣಿಸಿದರೆ ಸಾಕಾಯಿತು.'