ಎಡತೊರೆಯ ಪಾಠವೂ ಬೃಂದಾವನದ ಪ್ರಶ್ನೆಯೂ

ನದೀತೀರದಲ್ಲಿ ನೆಲಸುವುದೂ ವಿಹರಿಸುವುದೂ ನಮ್ಮ ಜನರ ಪುರಾತನ ರೂಢಿ. ಆ ತೀರದ ಎಲ್ಲೆಯನ್ನು ಗೊತ್ತುಮಾಡುವುದು ಮಳೆಗಾಲದ ನೀರೆಂಬುದಕ್ಕೆ ಮೈಸೂರು ಜಿಲ್ಲೆಯ ಎಡತೊರೆಯ ಚರಿತ್ರೆ ಒಳ್ಳೆಯ ನಿದರ್ಶನ. ಅದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಬೇಕೆಂದಿದ್ದೇವೆ.

ತನ್ನ ಹೆಸರಿನಲ್ಲಿಯೇ ‘ತೊರೆ’ಯನ್ನು ಧರಿಸಿದ ಎಡತೊರೆ ಕಾವೇರಿಯ ದಡದ ಪಟ್ಟಣ. 1924ರ ಜುಲೈ ತಿಂಗಳ ಮಹಾಪ್ರವಾಹವು ಕಾವೇರಿಯ ಬಯಲನ್ನೆಲ್ಲ ಪೀಡಿಸಿತು. ಪ್ರವಾಹಕ್ಕೆ ಮತ್ತೆ ಮತ್ತೆ ಈಡಾಗುತ್ತಿದ್ದ ಎಡತೊರೆಯ ಬದಲಿಗೆ, ಆ ದಶಕದ ಉತ್ತರಾರ್ಧದಲ್ಲಿ, ನದಿಯಿಂದ ಸ್ವಲ್ಪ ದೂರದಲ್ಲಿ ಹೊಸ ಪಟ್ಟಣವೊಂದು ನಿರ್ಮಾಣವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಪಡೆದ ಕೃಷ್ಣರಾಜನಗರವೇ ಅದು. ಅರ್ಕೇಶ್ವರನ ದೇವಾಲಯವು ಮಾತ್ರ ಹಳೆಯ ಎಡೆಯಲ್ಲಿಯೇ ಉಳಿಯಿತು.

ಅದೇ ಕಾಲದಲ್ಲಿ, ಅದೇ ನದಿಯ ಕೆಳಹರಿವಿನಲ್ಲಿ, ಇದಕ್ಕೆ ವಿರುದ್ಧವೆನ್ನಬಹುದಾದ ಕಾರ್ಯವೊಂದು ನಡೆಯಿತು. 1911ರಲ್ಲಿ ಆರಂಭವಾಗಿದ್ದ ಕನ್ನಂಬಾಡಿ ಅಣೆಕಟ್ಟಿನ ಬುಡದಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲರ ಆಸಕ್ತಿಯಿಂದ, ಬೃಂದಾವನ ಉದ್ಯಾನವು 1927ರಿಂದ 1932ರವರೆಗೆ ರೂಪುಗೊಂಡಿತು. ಊರು ನೀರಿನಿಂದ ಹಿಂದೆ ಸರಿಯಿತು. ವಿಹಾರಸ್ಥಾನವು ನೀರಿನ ಸಮೀಪಕ್ಕೆ ಬಂದಿತು.

ಅಣೆಕಟ್ಟು ಪ್ರವಾಹವನ್ನು ತಗ್ಗಿಸಬಲ್ಲುದು, ಇಲ್ಲವಾಗಿಸಲಾರದು. ಕೃಷ್ಣರಾಜಸಾಗರದ ಪೂರ್ಣಮಟ್ಟ 124.80 ಅಡಿ. ಪಿರಿಯಾಪಟ್ಟಣದ ಅಂಚಿನಲ್ಲಿ ಹರಿದುಬರುವ ಕಾವೇರಿ, ಹುಣಸೂರನ್ನು ಹಾಯ್ದು ಬರುವ ಲಕ್ಷ್ಮಣತೀರ್ಥ, ಉತ್ತರದ ಹೇಮಾವತಿ ಈ ಮೂರೂ ಅಲ್ಲಿ ಕೂಡುತ್ತವೆ. ಜಲಾಶಯವು ತುಂಬಿದ ಮೇಲೆ ಒಳಬಂದ ನೀರನ್ನು ಕೆಳಕ್ಕೆ ಬಿಡದೆ ಗತ್ಯಂತರವಿಲ್ಲ. 2019ರ ಆಗಸ್ಟ್‌ನಲ್ಲಿಯೂ 2024ರ ಮಳೆಗಾಲದಲ್ಲಿಯೂ ಹೊರಹರಿವು ಲಕ್ಷ ಕ್ಯೂಸೆಕ್ಸನ್ನು ಮೀರಿತು. 2019ರಲ್ಲಿ ಕೆಳಗಿನ ರಂಗನತಿಟ್ಟಿನ ನಡುಗಡ್ಡೆಗಳು ಮುಳುಗಿ ದೋಣಿವಿಹಾರವು ನಿಂತಿತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಬಿಟ್ಟ ನೀರು 2018 ಮತ್ತು 2019ರಲ್ಲಿ ನಂಜನಗೂಡಿನ ಸ್ನಾನಘಟ್ಟವನ್ನು ಆವರಿಸಿದುದೂ ಇದೇ ನಿಯಮಕ್ಕನುಸಾರವಾಗಿ.

2024ರಲ್ಲಿ ರಾಜ್ಯ ಸಚಿವ ಸಂಪುಟವು ಬೃಂದಾವನವನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸುವ ಯೋಜನೆಗೆ ಒಪ್ಪಿಗೆಯಿತ್ತಿತು. ಅಲ್ಲಿನ ಅಮ್ಯೂಸ್‌ಮೆಂಟ್ ಪಾರ್ಕಿನ ವಿಚಾರವನ್ನು 2025ರಲ್ಲಿ ರೈತಸಂಘಟನೆಗಳು ಅಣೆಕಟ್ಟಿನ ಭದ್ರತೆಯ ದೃಷ್ಟಿಯಿಂದ ವಿರೋಧಿಸಿದವು. ಅಣೆಕಟ್ಟಿನ ಭದ್ರತೆಯಷ್ಟೇ ಅದರ ಕೆಳಗೆ ನೆರೆಯುವ ಜನರ ಭದ್ರತೆಯೂ ಚರ್ಚೆಗೆ ಅರ್ಹವೆಂದು ನಾವು ಭಾವಿಸುತ್ತೇವೆ. ತೂಬುಗಳನ್ನು ಒಮ್ಮೆಲೇ ತೆರೆಯಬೇಕಾದ ದಿನ ಸಾವಿರಾರು ಪ್ರವಾಸಿಗಳು ಯಾವ ದಾರಿಯಿಂದ, ಎಷ್ಟು ಹೊತ್ತಿನಲ್ಲಿ ಮೇಲಿನ ನೆಲವನ್ನು ಸೇರಬಲ್ಲರೆಂಬುದನ್ನು ನಕ್ಷೆ ಬರೆಯುವ ಮೊದಲೇ ನಿಶ್ಚಯಿಸಬೇಕು. ಒಂದು ಊರನ್ನೇ ಬೇರೆಡೆಗೆ ಸಾಗಿಸಿದ ನಾಡಿಗೆ ಈ ಎಚ್ಚರ ಹೊಸದಾಗಿರಲಾರದು.